ಮಾರಿ ತೋರ್ಸಿ ಮಾತಾಡ್ರಿ

ನೀಲಕ್ಕ ಗುಟ್ಟು ಹೇಳಿದರೆ ಅದು ಇಡೀ ರಬಕವಿಗೆ ಕೇಳುತ್ತಿತ್ತು. ಮದುವೆಗೆ ಹೋದಾಗ ನನ್ನ ಪಕ್ಕ ಬಂದು ಕೂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ತಾನು ಪಿಸುಗುಡುತ್ತಿದ್ದೇನೆ ಎಂಬ ಪೂರ್ತಿ ಭರವಸೆಯಲ್ಲಿ, "ತಂಗೀ, ವರಾ ಭಾಳ ಗಿಡ್ಡ ಅದಾನಲ್ಲ, ತಾಳಿ ಕಟ್ಟಾಕ ಸ್ಟೂಲ್ ತರಸ್ತಾರೇನ?" ಎಂದು ಕೂಗುತ್ತಿದ್ದಳು. ಅಕ್ಕಿಕಾಳು ಹಿಡಿದು ನಿಂತವರೆಲ್ಲ ನಮ್ಮ ಕಡೆ ತಿರುಗುತ್ತಿದ್ದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನಿಸುತ್ತಿತ್ತು. ಅವಳಿಗೆ ಮಾತ್ರ ಏನೂ ತಿಳಿಯದೆ, "ಯಾಕ ಎಲ್ಲಾರೂ ನಮ್ಮನ್ನ ನೋಡಾಕತ್ತಾರ?" ಎಂದು ಇನ್ನೂ ಜೋರಾಗಿ ಕೇಳುತ್ತಿದ್ದಳು.

ಇದೇ ಹೆಂಗಸು ನಮ್ಮ ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟಳೆಂದರೆ ದನಿಯನ್ನು ಹೊರಗೇ ಬಿಟ್ಟು ಬರುತ್ತಿದ್ದಳು. ಹನ್ನೆರಡು ಪಾವರ್‌ಲೂಮು ಒಟ್ಟಿಗೆ ಓಡುವ ಕಡೆ ದನಿಗೆ ಏನು ಕೆಲಸ? ಅಲ್ಲಿ ಮಾತೆಲ್ಲ ತುಟಿಯಲ್ಲಿ, ಕೈಯಲ್ಲಿ, ಹುಬ್ಬಿನಲ್ಲಿ. ಈ ತುದಿಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೂತವಳು ಆ ತುದಿಯವಳಿಗೆ ಬರೀ ತುಟಿ ಆಡಿಸಿ, "ಝುಣಕಾ ಮಾಡೇನಿ, ನಿನ್ನ ರೊಟ್ಟಿ ಇಲ್ಲೇ ತಾ" ಎನ್ನುತ್ತಿದ್ದಳು. ಉತ್ತರವೂ ಹಾಗೇ ಬರುತ್ತಿತ್ತು. ಜಗಳವನ್ನೂ ಹಾಗೇ ಆಡುತ್ತಿದ್ದರು, ಬೈಗುಳಗಳನ್ನೂ ಒಂದಿಷ್ಟೂ ಬಿಡದೆ. ನಾನು ಆ ಶೆಡ್ಡಿನ ಸಾವುಕಾರರ ಮಗಳು. ನೀಲಕ್ಕನ ಸೊಂಟದ ಮೇಲೆ ಕೂತು ಅಕ್ಷರಕ್ಕಿಂತ ಮೊದಲು ಈ ತುಟಿಮಾತು ಕಲಿತೆ. ಮುಂದೆ ಸಾಲೆಯ ಪರೀಕ್ಷೆಯಲ್ಲಿ, ಮಗ್ಗದ ಮನೆಯಿಂದಲೇ ಬಂದ ಗೆಳತಿಗೆ ಮೂರು ಬೆಂಚು ದೂರದಿಂದ ಉತ್ತರ ಹೇಳಿ ಸಿಕ್ಕಿಬಿದ್ದೆ. ಮಾಸ್ತರರು ಹೊಡೆದರು. ನೀಲಕ್ಕ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕರೆ ಹುಬ್ಬಿನ ಮೇಲೆ ಕೂತ ನೂಲಿನ ಧೂಳು ಉದುರುತ್ತಿತ್ತು.

ಅವಳದೊಂದು ಕಾಯಂ ಮಾತಿತ್ತು: "ಮಾರಿ ತೋರ್ಸು, ಮಾತು ಆಮ್ಯಾಲ." ಮೊದಲು ಮುಖ ಇತ್ತ ತಿರುಗಿಸು, ಮಾತಾಡುವುದು ನಂತರ. ಬೆನ್ನು ಹಾಕಿ ಮಾತಾಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಬಸ್ಸಿನ ಕಂಡಕ್ಟರನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಈಗ ಹೇಳ, ಬನಹಟ್ಟಿಗೆ ಎಷ್ಟು?" ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ. ಆತ ಪಾಪ, ಅಲ್ಲಿಯವರೆಗೆ ಯಾರಿಂದಲೂ ಗಲ್ಲ ಹಿಡಿಸಿಕೊಂಡವನಲ್ಲ.

ಕಿವಿಯ ಕೆಲಸವನ್ನು ಅವಳ ಅಂಗಾಲು ಮಾಡುತ್ತಿತ್ತು. ಶೆಡ್ಡಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಸ್ವಲ್ಪ ಹೊತ್ತು ಸುಮ್ಮನಿದ್ದು, ಏಳನೇ ಮಗ್ಗದ ಲಾಳಿ ಸರಿಯಾಗಿ ಓಡುತ್ತಿಲ್ಲ ಎಂದು ಕೈಯಿಂದ ತೋರಿಸುತ್ತಿದ್ದಳು. ಹೋಗಿ ನೋಡಿದರೆ ಖರೇನೇ ಇರುತ್ತಿತ್ತು. ಅಪ್ಪ ಬಂದವರ ಮುಂದೆ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು, "ನಮ್ಮ ನೀಲವ್ವನ ಕಾಲಾಗ ಕಿವಿ ಅದಾವ" ಎಂದು. ನಾವೆಲ್ಲ ನಗುತ್ತಿದ್ದೆವು. ಕಾಲಿನಲ್ಲಿ ಕಿವಿ ಯಾಕೆ ಬೇಕಾಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಆ ನಗು ನೆನಪಾದರೆ ನನ್ನ ಮೈ ಉರಿಯುತ್ತದೆ.

ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆ ಹೇಳುವ ಕತೆಯೊಂದಿದೆ. ಅಪ್ಪನ ತಂದೆ ನಮ್ಮ ಮುತ್ಯಾನ ಕಾಲದಲ್ಲಿ ಮನೆಯೂ ಶೆಡ್ಡೂ ಒಂದೇ ಗೋಡೆಯ ಆಚೆ ಈಚೆ ಇದ್ದವಂತೆ. ಕೈಮಗ್ಗ ಹೋಗಿ ಪಾವರ್‌ಲೂಮು ಬಂದ ಮೇಲೆ ಆಯಿಗೆ, ಅಂದರೆ ಅಪ್ಪನ ತಾಯಿಗೆ, ತಲೆಶೂಲೆ ಹತ್ತಿತಂತೆ. ಸಪ್ಪಳಕ್ಕೆ ಅನ್ನ ಸೇರದು, ನಿದ್ದೆ ಬಾರದು. ಮುತ್ಯಾ ಹೊಳೆಯ ಕಡೆಗೆ, ಊರಿನ ಅಂಚಿನಲ್ಲಿ, ದಪ್ಪ ಕಲ್ಲುಗೋಡೆಯ ಹೊಸ ಮನೆ ಕಟ್ಟಿಸಿದರು. ಹಳೆಯ ಮನೆಯನ್ನು ತಮ್ಮ ನೇಕಾರನಿಗೆ, ನೀಲಕ್ಕನ ಮಾವನಿಗೆ, ಬಿಟ್ಟುಕೊಟ್ಟರು. ಬಾಡಿಗೆ ಒಂದು ಪೈಸೆ ಇಲ್ಲ. ಎಂಥ ಧರ್ಮಿಷ್ಠ ನೋಡು ನಿಮ್ಮ ಮುತ್ಯಾ ಎಂದು ಕತೆ ಮುಗಿಯುತ್ತಿತ್ತು. ಮುಗಿಯುತ್ತಿದ್ದುದು ಅಲ್ಲಿಗೇ. ನಮ್ಮ ಆಯಿಗೆ ಒಂದು ವರ್ಷ ತಾಳಲಾಗದ ಸಪ್ಪಳವನ್ನು ಇನ್ನೊಂದು ಮನೆತನಕ್ಕೆ ದಾನ ಕೊಟ್ಟು ನಾವು ಪುಣ್ಯ ಕಟ್ಟಿಕೊಂಡಿದ್ದೆವು.

ನೀಲಕ್ಕನ ತವರು ಬೀಳಗಿ. ಅಲ್ಲಿ ಮಗ್ಗವಿಲ್ಲ, ಹೊಲವಿತ್ತು. "ಕೆರಿ ದಂಡೀಗೆ ಕೊಕ್ಕರಿ ರೆಕ್ಕಿ ಬಡದ್ರ ನಮ್ಮ ಅಂಗಳದಾಗ ಕೇಳತಿತ್ತ ತಂಗಿ, ಅಷ್ಟು ಚುರುಕ ಇತ್ತ ಕಿವಿ" ಎನ್ನುತ್ತಿದ್ದಳು. ಮದುವೆಯಾಗಿ ಬಂದ ಮೊದಲ ವಾರ ತಲೆ ಒಡೆದುಹೋಗುತ್ತದೆ ಎಂದು ಅತ್ತಳಂತೆ. ಅತ್ತೆ ತಲೆ ಸವರಿ ಸಮಾಧಾನ ಮಾಡಿದಳಂತೆ: "ಆರ ತಿಂಗಳ ತಡಕೋ ಯವ್ವಾ, ಆಮ್ಯಾಲ ಕೇಳಂಗಿಲ್ಲ." ಈ ಮಾತನ್ನು ನೀಲಕ್ಕ ನನಗೆ ಹಾಸ್ಯವಾಗಿಯೇ ಹೇಳಿದ್ದಳು. ಅತ್ತೆ ಸುಳ್ಳು ಹೇಳುವವಳಾಗಿರಲಿಲ್ಲ. ಮಾವನಿಗೆ ಕೇಳುತ್ತಿರಲಿಲ್ಲ, ಅತ್ತೆಗೆ ಕೇಳುತ್ತಿರಲಿಲ್ಲ, ಗಂಡನಿಗೆ ಕೇಳುತ್ತಿರಲಿಲ್ಲ, ಅವಳಿಗೂ ಕೇಳದಾಯಿತು. ಮಗ ಬಸು ಇಪ್ಪತ್ತೈದಕ್ಕೇ "ಆಂ? ಆಂ?" ಅನ್ನತೊಡಗಿದ; ಅವನ ಹೆಂಡತಿಯೂ ಮಗ್ಗದ ಮನೆಯವಳೇ, ಕಿವಿಯನ್ನು ತವರಿನಲ್ಲೇ ಬಿಟ್ಟು ಬಂದಿದ್ದಳು. ನಮ್ಮ ಮನೆಯಲ್ಲಿ ಎಂಬತ್ತರ ಆಯಿ ಸಾಯುವ ದಿನದವರೆಗೆ ಹಿತ್ತಲಲ್ಲಿ ಬೆಕ್ಕು ನಡೆದದ್ದನ್ನು ಕೇಳಿಸಿಕೊಂಡು ಬೈಯುತ್ತಿದ್ದಳು.

ಆ ಮನೆಯ ಕೂಸುಗಳ ತೊಟ್ಟಿಲು ಶೆಡ್ಡಿನಲ್ಲೇ ಕಟ್ಟುತ್ತಿದ್ದರು. ತಾಯಿ ಕಂಡಿಕೆ ಸುತ್ತುವಾಗ ಕಣ್ಣೆದುರು ಇರಬೇಕಲ್ಲ. ಬೇರೆ ಕಡೆಯ ಕೂಸು ಸಪ್ಪಳಕ್ಕೆ ಏಳುತ್ತದೆ. ಇಲ್ಲಿಯ ಕೂಸು ಸಪ್ಪಳ ನಿಂತರೆ ಏಳುತ್ತಿತ್ತು. ಕರೆಂಟು ಹೋಗಿ ಹನ್ನೆರಡೂ ಮಗ್ಗ ಒಮ್ಮೆಲೇ ನಿಂತವೋ, ತೊಟ್ಟಿಲಲ್ಲಿ ಕಿಟಾರನೆ ಅಳು. ಕರೆಂಟು ಬಂತೋ, ಮತ್ತೆ ನಿದ್ದೆ. ಜೋಗುಳದ ಖರ್ಚಿಲ್ಲ ಎಂದು ಹೆಂಗಸರು ನಗುತ್ತಿದ್ದರು.

ಬಸುವಿಗೆ ಮಗಳು ಹುಟ್ಟಿದಳು, ಕಾವೇರಿ. ಈ ಕೂಸು ಕರೆಂಟು ಹೋದರೂ ಏಳುತ್ತಿರಲಿಲ್ಲ. "ಎಂಥಾ ಶಾಣ್ಯಾ ಕೂಸು ಬೇ, ಅವ್ವಗ ಕೆಲಸ ಬಿಡಸಂಗಿಲ್ಲ" ಎಂದು ಓಣಿಯೆಲ್ಲ ಹೊಗಳಿತು. ನಾನೂ ಹೊಗಳಿದೆ. ಆಗ ನನ್ನನ್ನು ಮುಧೋಳಕ್ಕೆ ಕೊಟ್ಟು ನಾಲ್ಕು ವರ್ಷವಾಗಿತ್ತು. ಕಾವೇರಿ ಹುಟ್ಟಿದ ತಿಂಗಳೇ ನನಗೂ ಮಗ ಹುಟ್ಟಿದ್ದ. ಚಮಚ ಬಿದ್ದರೆ ಏಳುವ ಮಗ. ಅವನನ್ನು ತೊಡೆಯ ಮೇಲೆ ತಟ್ಟುತ್ತ, "ನಿನ್ನ ಮೊಮ್ಮಗಳಿಂದ ಇವಂಗ ಒಂದಿಷ್ಟು ಬುದ್ಧಿ ಕೊಡಸು ನೀಲಕ್ಕ" ಎಂದಿದ್ದೆ. ಅದೇ ಮಗ ಹುಟ್ಟಿದ ಮರುದಿನ, ಬೆಳಗಾವಿಯ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಬಂದು ಅವನ ಕಿವಿಗೆ ಸಣ್ಣ ನಳಿಕೆ ಇಟ್ಟು, ಯಂತ್ರ ನೋಡಿ, ಎರಡೂ ಕಿವಿ ಛಲೋ ಇವೆ ಎಂದು ಕಾಗದ ಕೊಟ್ಟು ಹೋಗಿದ್ದಳು. ನಾನು ಕೇಳಿಯೂ ಇರಲಿಲ್ಲ. ಕೇಳದೆಯೇ ಬರುವುದು ನಮ್ಮಂಥವರಿಗೆ. ಆ ಕಾಗದ ಫೈಲಿನಲ್ಲಿದೆ. ಅಂಥದೊಂದು ಯಂತ್ರ ಕಾವೇರಿಯ ಕಿವಿಗೂ ಇಡಬೇಕಲ್ಲವೆ ಎಂದು ನನಗೆ ಹೊಳೆಯಲೇ ಇಲ್ಲ.

ಕಾವೇರಿ ಚೂಟಿಯಾಗಿ ಬೆಳೆದಳು. ಇಡೀ ದಿನ ಮಾತು. ತುಟಿಯಲ್ಲಿ, ಕೈಯಲ್ಲಿ, ಹುಬ್ಬಿನಲ್ಲಿ. ಆ ಮನೆಯಲ್ಲಿ ಎಲ್ಲರೂ ಹಾಗೇ ಮಾತಾಡುವವರು. ಅವಳ ಬಾಯಿಂದ ದನಿ ಬರುತ್ತಿಲ್ಲ ಎನ್ನುವುದನ್ನು ಗಮನಿಸಲು ಅಲ್ಲಿ ಯಾರಿಗೆ ದನಿ ಕೇಳಬೇಕು? ಐದು ತುಂಬಿ ಸಾಲೆಗೆ ಹೋದಾಗ ಅಲ್ಲಿಯ ಅಕ್ಕೋರು, ಹುಡುಗಿ ಮಂದ, ಕರೆದರೆ ಓಗೊಡುವುದಿಲ್ಲ, ಹಾಜರಿ ಹೇಳುವುದಿಲ್ಲ ಎಂದರು. ನೀಲಕ್ಕ ಸಾಲೆಯ ಅಂಗಳಕ್ಕೆ ನುಗ್ಗಿದಳು. "ಮಂದ ಅಂತ ಯಾರಿಗೆ ಅಂತೀರಿ? ಮನ್ಯಾಗ ತಲಿ ತಿಂತಾಳ ನನ್ನ ಮೊಮ್ಮಗಳು! ನಿಮಗ ಮಾತಾಡ್ಸಾಕ ಬರಂಗಿಲ್ಲ ಅನ್ರಿ!" ಎಂದು ಅವಳು ಕೂಗಿದ್ದು ಪಕ್ಕದ ಓಣಿಗೆ ಕೇಳಿತಂತೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನನಗೆ ತಿಳಿದದ್ದು ಒಂದು ನಾಯಿಮರಿಯಿಂದ. ಹೇಳಲು ನಾಚಿಕೆಯಾಗುತ್ತದೆ. ಆ ವರ್ಷ ನನ್ನ ಗಂಡ ತಿಮ್ಮಾಪುರದ ಹತ್ತಿರ ಒಬ್ಬರ ಮನೆಯಿಂದ ಮುಧೋಳ ಜಾತಿಯ ಬೇಟೆಮರಿ ತಂದರು. ಮರಿಯ ಅಪ್ಪ ಯಾರು, ಅವ್ವ ಯಾರು, ಯಾವ ದಿನ ಯಾವ ಚುಚ್ಚುಮದ್ದು ಎಂದು ಕೇಳಿ ಬರೆದುಕೊಂಡರು. ಆಮೇಲೆ ಮರಿಯ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಮರಿ ಗಕ್ಕನೆ ತಿರುಗಿತು. "ಕಿವಿ ಬರೋಬರಿ ಐತಿ, ಹಿಡಿ" ಎಂದರು. ಮರುವಾರ ನಾನು ರಬಕವಿಗೆ ಬಂದಾಗ ಕಾವೇರಿ ನೀಲಕ್ಕನ ಎದುರು ಕೂತು ರೊಟ್ಟಿ ತಿನ್ನುತ್ತಿದ್ದಳು. ಅಂದು ಮಗ್ಗಕ್ಕೆ ಸೂಟಿ, ಸಪ್ಪಳವಿರಲಿಲ್ಲ. ನಾನು ಬಾಗಿಲಲ್ಲಿ ನಿಂತು, ಅವಳ ಬೆನ್ನಿನ ಕಡೆಯಿಂದ, ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಚಪ್ಪಾಳೆ ತಟ್ಟಿದೆ. ತಿರುಗಲಿಲ್ಲ. ಅಲ್ಲಿದ್ದ ಸ್ಟೀಲಿನ ಪರಾತವನ್ನು ಎತ್ತಿ ನೆಲಕ್ಕೆ ಕೆಡವಿದೆ. ಹೊರಗೆ ಕಾಳು ಹೆಕ್ಕುತ್ತಿದ್ದ ಕೋಳಿ ಹಾರಿಬಿತ್ತು. ಅಜ್ಜಿ ಮೊಮ್ಮಗಳು ಇಬ್ಬರೂ ರೊಟ್ಟಿ ಮುರಿಯುತ್ತಲೇ ಇದ್ದರು.

ಜಮಖಂಡಿಗೆ ನಾನೇ ಕರೆದುಕೊಂಡು ಹೋದೆ. ಕಿವಿಯ ಡಾಕ್ಟರು ಮುಖಕ್ಕೆ ಮಾಸ್ಕು ಹಾಕಿದ್ದರು. ನೀಲಕ್ಕ ಅವರ ಮಾಸ್ಕಿಗೇ ಕೈ ಹಾಕಿದಳು. "ಮಾರಿ ತೋರ್ಸಿ ಮಾತಾಡ್ರಿ ಡಾಕ್ಟರ." ಅವರು ಒಳ್ಳೆಯವರು, ತೆಗೆದರು. ಕಾವೇರಿಯ ಕಿವಿಯನ್ನು ಯಂತ್ರಕ್ಕೆ ಹಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ ಅವರಿಗೆ ಸಿಟ್ಟು ಬಂತು.

"ಐದು ವರ್ಷ ಏನ ಮಾಡಾಕತ್ತಿದ್ರಿ? ಹುಡುಗಿಗೆ ಕೇಳಂಗಿಲ್ಲ ಅನ್ನೂದು ಮನ್ಯಾಗ ಒಬ್ಬರಿಗೂ ಗೊತ್ತಾಗ್ಲಿಲ್ಲೇನು?"

ನೀಲಕ್ಕ ಅವರ ತುಟಿಯನ್ನೇ ನೋಡುತ್ತಿದ್ದಳು. "ಗೊತ್ತಾಗಾಕ ನಮ್ಮ ಮನ್ಯಾಗ ಯಾರಿಗರೆ ಕೇಳಬೇಕಲ್ರಿ" ಎಂದಳು.

ಡಾಕ್ಟರ ಸಿಟ್ಟು ಇಳಿಯಿತು. ಅವಳ ಕಿವಿಯನ್ನೂ ನೋಡಿದರು. ಕಾವೇರಿಯನ್ನು ತೀರ ಸಣ್ಣವಳಿದ್ದಾಗಲೇ ತಂದಿದ್ದರೆ ಆಪರೇಷನ್ನಿಗೆ ದಾರಿಯಿತ್ತು, ಈಗ ತಡವಾಗಿದೆ, ಕಿವಿಯಂತ್ರ ಕೊಡಿಸೋಣ, ಮಾತು ಪೂರ್ತಿ ಬರುವ ಭರವಸೆ ಇಲ್ಲ ಎಂದರು. ಒಂದು ಅರ್ಜಿ ತುಂಬಬೇಕಿತ್ತು. ಅದರಲ್ಲೊಂದು ಪ್ರಶ್ನೆ: ಮನೆತನದಲ್ಲಿ ಬೇರೆ ಯಾರಿಗಾದರೂ ಕಿವುಡು ಇದೆಯೆ? ಇದೆ ಎಂಬಲ್ಲಿ ಗುರುತು ಹಾಕಿ ನನ್ನ ಪೆನ್ನು ನಿಂತಿತು. ಯಾವ ಮನೆತನ? ಬೀಳಗಿಯಿಂದ ಬಂದ ಸೊಸೆಗೆ ಮಾವನ ರಕ್ತದಿಂದ ಕಿವುಡು ಬರುತ್ತದೆಯೆ? ಅದು ನಮ್ಮ ಶೆಡ್ಡಿನ ಗೋಡೆಯಿಂದ ಬಂದದ್ದು. ಆ ಅರ್ಜಿಯಲ್ಲಿ ನಮ್ಮ ಮನೆತನದ ಹೆಸರು ಬರೆಯಲು ಜಾಗವೇ ಇರಲಿಲ್ಲ. ಕಾವೇರಿಯದು ಹುಟ್ಟಿನಿಂದ ಬಂದದ್ದೋ, ಆಮೇಲೆ ಆದದ್ದೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಅವಳ ಕಿವಿ ಯಾಕೆ ಹೋಯಿತೋ ನನಗೆ ಗೊತ್ತಿಲ್ಲ. ಅದು ಗೊತ್ತಾಗಲು ಐದು ವರ್ಷ ಯಾಕೆ ಹಿಡಿಯಿತು ಎನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಬರುವಾಗ ಬಸ್ಸಿನಲ್ಲಿ ನೀಲಕ್ಕ ಕೂಗಲಿಲ್ಲ. ಶೆಡ್ಡಿನ ಹೊರಗೆ ಅವಳು ಬರೀ ತುಟಿಯಲ್ಲಿ ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಲಗಿದ್ದ ಕಾವೇರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗಿ, ದನಿಯಿಲ್ಲದೆ ಹೇಳಿದಳು: "ಶಾಣ್ಯಾ ಕೂಸು ಅಂತಿದ್ನಲ್ಲ ತಂಗಿ, ನಾ."

ಎರಡು ವರ್ಷದ ಮೇಲೆ ಬಸುವಿಗೆ ಮಗ ಹುಟ್ಟಿದ. ಈ ಸಲ ಹುಟ್ಟಿದ ವಾರದಲ್ಲೇ ನೀಲಕ್ಕ ನನಗೆ ಹೇಳಿಕಳಿಸಿದಳು. ಅದೇ ಡಾಕ್ಟರ ಹತ್ತಿರ ಹೋದೆವು. ಎರಡೂ ಕಿವಿ ಛಲೋ ಇವೆ ಎಂದು ಕಾಗದ ಕೊಟ್ಟರು. ನೀಲಕ್ಕನಿಗೆ ಓದಲು ಬಾರದು. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಂಕುಮದ ಡಬ್ಬಿಯಲ್ಲಿಟ್ಟಳು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು. "ಇವಂಗ ಕೇಳತೈತಿ. ಇವನ ತೊಟ್ಲಾ ಶೆಡ್ಡಿನ್ಯಾಗ ಕಟ್ಟಂಗಿಲ್ಲ ನಾ. ನಿಮ್ಮ ಹಿತ್ತಲದಾಗ ಎರಡು ಖೋಲಿ ಖಾಲಿ ಬಿದ್ದಾವಲ್ಲ, ಅವನ್ನ ಕೊಡಸು. ಬಾಡಿಗಿ ಕೊಡ್ತೇವಿ. ಅಪ್ಪಗ ನೀ ಹೇಳಿದ್ರ ಕೇಳತಾರ."

ಮೂವತ್ತು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ. ಆ ಖೋಲಿಗಳಲ್ಲಿ ಮುರಿದ ಕುರ್ಚಿ, ಮಗ್ಗದ ಹಳೆಯ ಬೀಮು, ನನ್ನ ಮಗನ ಬೇಡವಾದ ಆಟಿಕೆ ತುಂಬಿದ್ದವು. ನಾನು ಅಪ್ಪನಿಗೆ ಹೇಳಿದೆ. ನೋಡೋಣ ಎಂದರು. ತಮ್ಮನಿಗೆ ಹೇಳಿದೆ. ಈಗ ವ್ಯವಹಾರ ನೋಡುವವನು ಅವನೇ. ಅವನು ನಕ್ಕು, "ಅಕ್ಕಾ, ಒಬ್ಬರಿಗೆ ಕೊಟ್ರ ನಾಳೆ ಎಲ್ಲಾರೂ ಕೇಳತಾರ" ಎಂದ. ನಾನು ಮುಧೋಳಕ್ಕೆ ಹೊರಟುಬಂದೆ. ಮತ್ತೊಮ್ಮೆ ಹೇಳಬೇಕೆಂದುಕೊಂಡೆ. ಅಂದುಕೊಳ್ಳುವುದಕ್ಕೆ ಏನೂ ಖರ್ಚಾಗುವುದಿಲ್ಲ.

ಹದಿನೈದು ದಿನಕ್ಕೆ ತಮ್ಮನ ಫೋನು ಬಂತು. "ನಿನ್ನ ನೀಲಕ್ಕ ನಮ್ಮ ಪಡಸಾಲ್ಯಾಗ ತೊಟ್ಲಾ ಕಟ್ಟಿ ಕುಂತಾಳ. ಬಂದು ಎಬ್ಬಸು."

ಹೋಗಿ ನೋಡಿದೆ. ನಮ್ಮ ಪಡಸಾಲೆಯ ತೊಲೆಗೆ ಒಂದು ಕಬ್ಬಿಣದ ಕೊಂಡಿಯಿದೆ. ಅಪ್ಪನ ತೊಟ್ಟಿಲು, ನನ್ನದು, ತಮ್ಮನದು, ಬಾಣಂತನಕ್ಕೆ ಬಂದಾಗ ನನ್ನ ಮಗನದು, ಎಲ್ಲ ಅದಕ್ಕೇ ಕಟ್ಟಿದ್ದು. ನೀಲಕ್ಕ ಅದೇ ಕೊಂಡಿಗೆ ತನ್ನ ಹಳೆಯ ಸೀರೆಯ ಜೋಳಿಗೆ ಕಟ್ಟಿ ಮೊಮ್ಮಗನನ್ನು ಮಲಗಿಸಿದ್ದಳು. ಪಕ್ಕದಲ್ಲಿ ನೆಲದ ಮೇಲೆ ಬುಟ್ಟಿ, ನೂಲು, ಕೈರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಕೆಲಸ ಬಿಟ್ಟಿರಲಿಲ್ಲ, ನಮ್ಮದೇ ಕೆಲಸವನ್ನು ನಮ್ಮದೇ ಮನೆಯಲ್ಲಿ ಮಾಡುತ್ತಿದ್ದಳು. ಅಪ್ಪ ಕುರ್ಚಿಯಲ್ಲಿ ಪೇಪರ್ ಅಗಲಿಸಿ ಹಿಡಿದು, ಅದರ ಹಿಂದಿನಿಂದಲೇ ಮಾತಾಡುತ್ತಿದ್ದರು.

"ಮಾರಿ ತೋರ್ಸಿ ಮಾತಾಡ್ರಿ ಸಾವುಕಾರ್ರ" ಎಂದಳು ನೀಲಕ್ಕ.

ಅಪ್ಪನಿಗೆ ಆ ಮಾತು ಯಾರೂ ಹೇಳಿರಲಿಲ್ಲ. ಪೇಪರ್ ಕೆಳಗಿಳಿಯಿತು. ಅಪ್ಪ ಕೆಟ್ಟ ಮನುಷ್ಯನಲ್ಲ, ಅದನ್ನೂ ಹೇಳಬೇಕು; ಹಬ್ಬಕ್ಕೆ ಸೀರೆ ಕೊಡುತ್ತಾರೆ, ಸತ್ತರೆ ಹೆಣಕ್ಕೆ ಹೆಗಲು ಕೊಡುತ್ತಾರೆ. ಮೆತ್ತಗೆ ಹೇಳಿದರು: "ನಿಮಗ ಅದು ರೂಢಿ ಆಗಿರತೈತಿ ನೀಲವ್ವ. ನಿನ್ನ ಮಾವ, ನಿನ್ನ ಗಂಡ, ಎಲ್ಲಾರೂ ಅದ ಮನ್ಯಾಗ ಬಾಳೇ ಮಾಡ್ಯಾರ."

"ನಿಮ್ಮವ್ವಗ ಯಾಕ ರೂಢಿ ಆಗಲಿಲ್ರಿ?"

ನೀಲಕ್ಕ ಎದ್ದು ನಿಂತಳು. ಅವಳ ದನಿ ಎಂದಿನಂತೆ ಬೀದಿಗೆ ಕೇಳುತ್ತಿತ್ತು. "ನಿಮಗ ನಿಮ್ಮಪ್ಪ ಈ ಮನಿ ಬಿಟ್ಟ ಹ್ವಾದ್ರು. ನಮಗ ನಮ್ಮ ಮಾವ ಆ ಸಪ್ಪಳ ಬಿಟ್ಟ ಹ್ವಾದ. ನಾ ಉಂಡೇನಿ, ನನ್ನ ಮಗ ಉಣ್ಣಾಕತ್ತಾನ. ಮೊಮ್ಮಗನ ಹೆಸರಿಗೆ ಅದನ್ನ ಬರಕೊಡಂಗಿಲ್ರಿ ನಾ!"

ಒಳಗಿನಿಂದ ನಮ್ಮವ್ವ ಬಾಗಿಲಿಗೆ ಬಂದಳು. ಜನ್ಮದಲ್ಲಿ ಅಪ್ಪನ ಎದುರು ದನಿ ಎತ್ತದವಳು, "ಹಗೂರ ಮಾತಾಡ್ರಿ, ಕೂಸು ಮಲಗೇತಿ" ಎಂದಳು. ಅವಳಿಂದ ಅಷ್ಟಾದರೂ ಆಯಿತು. ನಾನು ತಮ್ಮನ ಕಡೆ ತಿರುಗಿ, "ನನ್ನ ಪಾಲು ಅಂತ ತಿಳಕೊಂಡು ಆ ಎರಡು ಖೋಲಿ ಅವರಿಗೆ ಕೊಡು" ಎಂದೆ. ತಮ್ಮ ಸಿಟ್ಟಾಗಲಿಲ್ಲ. "ಅಕ್ಕಾ, ನೀ ಸಹಿ ಮಾಡಿಕೊಟ್ಟೀಯಲ್ಲ" ಎಂದ.

ಹೌದು, ಕೊಟ್ಟಿದ್ದೆ. ನಮ್ಮ ಕಡೆ ಅಕ್ಕತಂಗಿಯರು ತವರಿನ ಆಸ್ತಿಯ ಹಕ್ಕನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವುದು ರೂಢಿ. ತವರಿನ ಬಾಗಿಲು ತೆರೆದಿರಬೇಕಲ್ಲ. ಕಚೇರಿಗೆ ಹೋಗಿ, ಓದದೆ ಸಹಿ ಮಾಡಿ, ಹಸಿರು ರೇಷ್ಮೆ ಸೀರೆ ಉಟ್ಟು, ಊಟ ಮಾಡಿ ಬಂದಿದ್ದೆ. ದೊಡ್ಡ ಮನಸ್ಸಿನ ಅಕ್ಕ ಎಂದು ಎಲ್ಲರೂ ಹೊಗಳಿದ್ದರು. ನಾನು ಬಿಟ್ಟುಕೊಟ್ಟದ್ದು ನನ್ನದಷ್ಟೇ ಅಲ್ಲ ಎಂದು ಅಂದು ಪಡಸಾಲೆಯಲ್ಲಿ ನಿಂತಾಗ ತಿಳಿಯಿತು. ಆದರೂ ಬಾಯಿಬಿಟ್ಟು ಜಗಳವಾಡಲಿಲ್ಲ. ಅವರನ್ನು ಮುಧೋಳಕ್ಕೆ ಕರೆದೊಯ್ದು ನನ್ನ ಮನೆಯಲ್ಲಿಡಬಹುದಿತ್ತು. ಅತ್ತೆ ಏನೆಂದಾರೋ ಎಂದು ಸುಮ್ಮನಾದೆ. ಬೇಟೆನಾಯಿಗೆ ಅಲ್ಲಿ ಪ್ರತ್ಯೇಕ ಖೋಲಿ ಇತ್ತು.

ಮೂರು ದಿನ, ಬೆಳಗಿನಿಂದ ಸಂಜೆಯವರೆಗೆ, ಆ ಕೂಸು ನಮ್ಮ ಪಡಸಾಲೆಯಲ್ಲಿ ಮಲಗಿತು. ನಾಲ್ಕನೆಯ ದಿನ ನೀಲಕ್ಕ ಬಂದಾಗ ತೊಲೆಯಲ್ಲಿ ಕೊಂಡಿ ಇರಲಿಲ್ಲ. ಫ್ಯಾನು ಹಾಕಿಸುವುದಿದೆ ಎಂದು ತಮ್ಮ ಬೆಳಗ್ಗೆಯೇ ವೆಲ್ಡಿಂಗಿನವನನ್ನು ಕರೆಸಿ ಕೊಯ್ಸಿದ್ದ. ಅಪ್ಪನನ್ನು ತೂಗಿದ ಕೊಂಡಿ. ಅದೇ ದಿನ ಬಸುವಿಗೂ ಹೇಳಿದ, ಮನೆ ಒಗ್ಗದಿದ್ದರೆ ಬಿಡಬಹುದು, ಯಾರದೂ ಬಲವಂತವಿಲ್ಲ ಎಂದು.

ಬಿಟ್ಟರು. ಬನಹಟ್ಟಿಯಲ್ಲಿ, ಮಗ್ಗಗಳಿಂದ ದೂರ ಒಂದು ಒಂಟಿ ಖೋಲಿ ಹಿಡಿದರು. ಬಸು ಸೈಕಲ್ಲಿನಲ್ಲಿ ಬೇರೆಯವರ ಮಗ್ಗಕ್ಕೆ ಹೋಗತೊಡಗಿದ. ಕಾವೇರಿಗೆ ಕೊನೆಗೂ ಕಿವಿಯಂತ್ರ ಬಂತು. ಅವಳು ಅದನ್ನು ಬಿಚ್ಚಿ ಬಿಚ್ಚಿ ಅಜ್ಜಿಯ ಕಿವಿಗೆ ಇಡುತ್ತಿದ್ದಳು.

ನಾನು ನೀಲಕ್ಕನನ್ನು ಕೊನೆಯ ಸಲ ನೋಡಿದ್ದು ಆ ಖೋಲಿಯಲ್ಲಿ. ಮೊಮ್ಮಗ ಆಗ ಅಂಬೆಗಾಲಿಡುತ್ತಿದ್ದ. ನನ್ನನ್ನು ಕಂಡದ್ದೇ, ನೀರು ಸಹ ಕೊಡದೆ, "ಇಲ್ಲಿ ನೋಡ, ಇಲ್ಲಿ ನೋಡ" ಎಂದು ಕೂಗಿ, ಹುಡುಗನ ಹಿಂದೆ ಹೋಗಿ ನಿಂತು ಚಪ್ಪಾಳೆ ತಟ್ಟಿದಳು. ಹುಡುಗ ತಿರುಗಿದ. "ಹೊಳ್ಳಿದಾ!" ಎಂದು ಕುಣಿದಳು. ಮತ್ತೆ ತಟ್ಟಿದಳು, ಅವನು ಮತ್ತೆ ತಿರುಗಿದ. ಮನೆಗೆ ಯಾರು ಬಂದರೂ ಇದೇ ಆಟವಂತೆ, ಹಾಲು ಹಾಕುವವನು ಬಂದರೂ ಬಿಡಳು. ಐದಾರು ಸಲವಾದ ಮೇಲೆ ಹುಡುಗ ಬೇಸತ್ತು ತಿರುಗದೆ ಕೂತ. ನೀಲಕ್ಕನ ಮುಖ ಒಮ್ಮೆಲೇ ಬಿಳಿಚಿಕೊಂಡಿತು. "ಅಂವಗ ಸಾಕಾಗೇತಿ ನೀಲಕ್ಕ, ಕೇಳತೈತಿ" ಎಂದು ನಾನು ಮುಖ ತೋರಿಸಿ ಹೇಳಿದೆ. ಅವಳು ನಂಬಲಿಲ್ಲ. ಬೆಲ್ಲದ ಡಬ್ಬಿಯ ಮುಚ್ಚಳ ಬಡಿದಳು. ಅವನು ತಿರುಗಿ ಕೈಚಾಚಿದ ಮೇಲೆಯೇ ನನಗೆ ಚಹಾ ಇಟ್ಟಳು.

ಆ ಚಳಿಗಾಲದಲ್ಲಿ, ಮಧ್ಯಾಹ್ನ, ಬನಹಟ್ಟಿಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅವಳ ಮೇಲೆ ಹೋಯಿತು. ನಮ್ಮ ಕಡೆಯ ಕಬ್ಬಿನ ಟ್ರ್ಯಾಕ್ಟರು ಎಂದರೆ ಎರಡು ಟ್ರಾಲಿ, ಮೇಲೆ ಮೈಲಿ ದೂರ ಕೇಳುವ ಹಾಡು. ಮಲಗಿದ ದನವೂ ಎದ್ದು ದಾರಿ ಬಿಡುತ್ತದೆ. "ಹಾರ್ನ್ ಹೊಡದೇನ್ರಿ, ಹೊಡದ ಹೊಡದೇನಿ, ಆಯಿ ಸರೀಲೇ ಇಲ್ಲ" ಎಂದು ಓಡಿಸುವವನು ಅತ್ತನಂತೆ. ಕಿವುಡಿ, ನಡುರಸ್ತೆಯಲ್ಲಿ ಯಾಕೆ ನಡೆಯಬೇಕಿತ್ತು ಎಂದು ಊರು ತೀರ್ಪು ಕೊಟ್ಟಿತು. ತಪ್ಪು ಅವಳದೇ ಆಯಿತು. ಅಪ್ಪ ಹೆಣಕ್ಕೆ ಹೆಗಲು ಕೊಟ್ಟರು. ಜನ ಅದನ್ನು ಹೊಗಳಿದ್ದನ್ನು ನಾನು ಕೇಳಿಸಿಕೊಂಡೆ. ನನ್ನ ಕಿವಿ ಛಲೋ ಇವೆ.

ಮಣ್ಣು ಮಾಡಿ ಬಂದ ಮರುದಿನ ನಾನು ಶೆಡ್ಡಿಗೆ ಹೋದೆ. ನೀಲಕ್ಕನವರು ಬಿಟ್ಟ ಮನೆಗೆ ವಾರದೊಳಗೇ ಬೇರೆ ನೇಕಾರರು ಬಂದಿದ್ದರು. ಬಾಡಿಗೆಯಿಲ್ಲದ ಮನೆಯನ್ನು ಯಾರು ಬಿಡುತ್ತಾರೆ? ಅವಳು ಕೂತು ಕಂಡಿಕೆ ಸುತ್ತುತ್ತಿದ್ದ ಜಾಗದಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ಕೂತಿದ್ದಳು. ಅವಳ ಪಕ್ಕದಲ್ಲಿ ತೊಟ್ಟಿಲು. ಹನ್ನೆರಡು ಮಗ್ಗದ ಸಪ್ಪಳದ ನಡುವೆ ಮೂರು ತಿಂಗಳ ಕೂಸು ಮುಷ್ಟಿ ಬಿಗಿದು ಮಲಗಿತ್ತು. ನಾನು ನೋಡುತ್ತ ನಿಂತದ್ದನ್ನು ಕಂಡು ಹುಡುಗಿ ಹಿಗ್ಗಿದಳು. ಇನ್ನೂ ತುಟಿಮಾತು ಬಾರದವಳು, ನನ್ನ ಕಿವಿಗೆ ಬಾಯಿಟ್ಟು ಕೂಗಿದಳು: "ಭಾಳ ಶಾಣ್ಯಾ ಐತ್ರಿ ಅಕ್ಕಾರ, ಏಳಂಗೇ ಇಲ್ಲ!"

ನಾನು ಹೋಗಿ ಗೋಡೆಯ ಮೇಲಿನ ಮೇನ್ ಸ್ವಿಚ್ ಎಳೆದೆ.

ಹನ್ನೆರಡು ಮಗ್ಗ ನಿಂತವು. ಲಾಳಿಗಳು ನಿಂತಲ್ಲೇ ನಿಂತವು. ಎಲ್ಲರೂ ನನ್ನ ಕಡೆ ನೋಡಿದರು. ನಾನು ತೊಟ್ಟಿಲ ಕಡೆ ನೋಡಿದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕೂಸು ಕೈಕಾಲು ಬಡಿದು ಕಿಟಾರನೆ ಅತ್ತಿತು. ಅಷ್ಟು ಒಳ್ಳೆಯ ಅಳುವನ್ನು ನಾನು ಕೇಳಿದ್ದಿಲ್ಲ. ತೊಟ್ಟಿಲ ಹಗ್ಗ ಹಿಡಿದು ನಾನೂ ಅತ್ತೆ.

ಆಫೀಸಿನಿಂದ ತಮ್ಮ ಓಡಿಬಂದ. ಏನಾಯಿತು ಎಂದು ಯಾರನ್ನೂ ಕೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಕೈ ಎತ್ತಿ ಸ್ವಿಚ್ ಹಾಕಿದ. ಮಗ್ಗಗಳು ಓಡತೊಡಗಿದವು. ಕೂಸು ಎರಡು ಸಲ ಬಿಕ್ಕಿ ಮಲಗಿತು.